ಆಲೆಮನೆ ಉಳಿಸೋದು ಗಿರಾಕಿ ಕೈಲಿದೆ!

ಸಿಂಧಘಟ್ಟ (ಕೆ.ಆರ್.ಪೇಟೆ ತಾ.): ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಾಲಯದಿಂದ ಹೆಸರಾದ ಈ ಊರಿನ ಸುತ್ತಿನ ಸೀಮೆಯಲ್ಲಿ ಕಬ್ಬು ಬೆಳೆದವನಿಗೆ ದಾರಿ ಎರಡೇ. ಒಂದು ಕಾರ್ಖಾನೆ, ಇನ್ನೊಂದು ಆಲೆಮನೆ. ತಾಲೂಕಿನ ಮಾಕವಳ್ಳಿಯಲ್ಲೇ ಸಕ್ಕರೆ ಕಾರ್ಖಾನೆ ಇದೆ. ಹಾಗಿದ್ದ ಮೇಲೆ ಹೊಗೆ ಕುಡಿದುಕೊಂಡು ಬೆಲ್ಲ ಕಾಯಿಸೋ ಕರ್ಮ ಯಾಕೆ ಅನ್ನುವವರಿದ್ದಾರೆ. ಲೆಕ್ಕ ನೋಡಿದರೆ ಗೊತ್ತಾಗುತ್ತೆ.

ಕೇಂದ್ರ ಸರ್ಕಾರ 2025-26ರ ಹಂಗಾಮಿಗೆ ಗೊತ್ತು ಮಾಡಿದ ದರ ಟನ್ನಿಗೆ 3,550 ರೂ. ಆದರೆ ಅದು ಶೇ. 10.25 ಇಳುವರಿಗೆ. ಇಳುವರಿ ಶೇ. 9.5 ಅಥವಾ ಅದಕ್ಕೂ ಕಡಿಮೆಯಾದರೆ 3,290 ರೂ. 50 ಪೈಸೆ. ಅದರಲ್ಲೂ ಕಟಾವು ಕೂಲಿ, ಲಾರಿ ಬಾಡಿಗೆ ಮುರಿದು ಉಳಿದದ್ದು ರೈತನಿಗೆ. 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಶೇ. 15 ಬಡ್ಡಿ ಅಂತ ಕಾನೂನಿದೆ. ಕಾನೂನು ಕಾಗದದ ಮೇಲೆ ಚೆಂದ. ಸಾಲಗಾರ ಮಾತ್ರ ಕಾಗದ ನೋಡಿ ಸುಮ್ಮನಾಗೋನಲ್ಲ!

ಆಲೆಮನೆಯ ಲೆಕ್ಕವೇ ಬೇರೆ. ಟನ್ ಕಬ್ಬಿಗೆ ಹೆಚ್ಚುಕಮ್ಮಿ ಒಂದು ಕ್ವಿಂಟಲ್ ಬೆಲ್ಲ. ಗಾಣದಲ್ಲಿ ಅರೆದ ರಸ ಕೊಪ್ಪರಿಗೆಗೆ, ಒಣಗಿದ ಸಿಪ್ಪೆ ಒಲೆಗೆ, ಬೂದಿ ಗದ್ದೆಗೆ. ಆದರೆ ಬೆಲ್ಲಕ್ಕೆ ಗೊತ್ತಾದ ದರವಿಲ್ಲ. ಮಂಡಿಯಲ್ಲಿ ಬೆಲೆ ಬಿದ್ದರೆ ಕಾಯಿಸಿದ ಕೂಲಿಯೂ ಗಿಟ್ಟದು.

ಹಾಗಾದರೆ ಆಲೆಮನೆ ದಂಡವೇ? ಹಾಗೆನ್ನಲು ಬರೋದಿಲ್ಲ. 1933ರಲ್ಲಿ ಆರಂಭವಾದ ಮಂಡ್ಯದ ಮೈಷುಗರ್ ಹಲವು ಹಂಗಾಮು ನಿಂತು, 2022ರಲ್ಲಿ ಮತ್ತೆ ಕಬ್ಬು ಅರೆಯಿತು. ನಿಂತಿದ್ದ ಪಾಂಡವಪುರದ ಸಹಕಾರಿ ಕಾರ್ಖಾನೆಯನ್ನು 2020ರಲ್ಲಿ 40 ವರ್ಷದ ಗುತ್ತಿಗೆಗೆ ಕೊಡಲಾಯಿತು. ಬೆಳೆದು ನಿಂತ ಕಬ್ಬು ಕಾರ್ಖಾನೆಯ ಬೀಗ ತೆಗೆಯೋವರೆಗೂ ಕಾಯುತ್ತದೆಯೇ? ಕಡಿದದ್ದು ಬಿಸಿಲಿಗೆ ಬಿದ್ದರೆ ತೂಕವೂ ಹೋಯ್ತು, ಸಿಹಿಯೂ ಹೋಯ್ತು. ಅಂಥ ಹೊತ್ತಿಗೆ ಊರ ಪಕ್ಕದ ಗಾಣವೇ ಗತಿ. ಅಷ್ಟೇ ಅಲ್ಲ, ಆಲೆಮನೆ ಕಬ್ಬು ಕೇಳುತ್ತಿದ್ದರೆ ಮಾತ್ರ ಕಾರ್ಖಾನೆಗೂ ರೈತನ ಮೇಲೆ ಮರ್ಯಾದೆ.

ಇನ್ನು ಬಣ್ಣದ ಮಾತು. ಗಿರಾಕಿಗೆ ಬೆಲ್ಲ ಹಳದಿಯಾಗಿ ಫಳಫಳ ಹೊಳೀಬೇಕು. ಹಾಗೆ ಹೊಳೆಯಲು ಕೊಪ್ಪರಿಗೆಗೆ ಹೈಡ್ರೋಸ್ ಎಂಬ ರಾಸಾಯನಿಕ ಬೀಳುತ್ತೆ. ಕೆಲವೆಡೆ ಸಕ್ಕರೆಯನ್ನೇ ಸುರಿದು ಬೆಲ್ಲ ಎಬ್ಬಿಸೋರೂ ಉಂಟು. ಬೆಲ್ಲದಲ್ಲಿ ಗಂಧಕದ ಅಂಶ 70 ಪಿಪಿಎಂ ಮೀರಬಾರದೆಂದು ಆಹಾರ ಸುರಕ್ಷತಾ ನಿಯಮ ಹೇಳುತ್ತೆ. ಸುಣ್ಣ, ಬೆಂಡೆ ಗಿಡದ ಲೋಳೆ ಹಾಕಿ ಕಸ ತೆಗೆದು ಮಾಡಿದ ಸಾಚಾ ಬೆಲ್ಲ ಕಂದು ಬಣ್ಣಕ್ಕೆ ತಿರುಗುತ್ತೆ. ಅಂಗಡಿಯಲ್ಲಿ ಅದನ್ನು ಕಂಡವರು "ಹಳೇ ಮಾಲು" ಅಂತ ಪಕ್ಕಕ್ಕೆ ಸರಿಸಿಬಿಡ್ತಾರೆ. ಪ್ರಾಮಾಣಿಕನಿಗೆ ನಷ್ಟ, ಬಣ್ಣ ಹಾಕಿದವನಿಗೆ ಲಾಭ!

ಒಂದು ಜಿಲ್ಲೆ ಒಂದು ಉತ್ಪನ್ನ ಯೋಜನೆಯಲ್ಲಿ ಮಂಡ್ಯಕ್ಕೆ ಸಿಕ್ಕಿರೋದು ಬೆಲ್ಲವೇ. 2020ರಲ್ಲಿ ಬಂದ ಕೇಂದ್ರದ ಕಿರು ಆಹಾರ ಉದ್ದಿಮೆ ಯೋಜನೆಯಲ್ಲಿ ಶೇ. 35, ಗರಿಷ್ಠ 10 ಲಕ್ಷ ರೂ. ಸಹಾಯಧನವಿದೆ. ಅದರಿಂದ ಹೊಸ ಗಾಣ ಬಂದೀತು, ಗಿರಾಕಿ ಬರಲಾರ. ಅಂಗಡಿಯವರು ಕಂದು ಬೆಲ್ಲವನ್ನು ಮುಂದಿನ ಸಾಲಿಗೆ ಇಟ್ಟು, ಯಾಕೆ ಈ ಬಣ್ಣ ಅಂತ ಕೇಳಿದವರಿಗೆ ಎರಡು ಮಾತು ಹೇಳಲಿ. ಕೊಳ್ಳೋರು ಕಣ್ಣಿಗಿಂತ ನಾಲಿಗೆಯನ್ನು ನಂಬಲಿ. ಇಲ್ಲದಿದ್ದರೆ ಗಾಣ ನಿಂತ ದಿನ ಕಬ್ಬಿನ ಬೆಲೆ ಹೇಳೋನು ಒಬ್ಬನೇ ಆಗ್ತಾನೆ.