ತೆಗೆಸುವ ಮುಂಚೆ ಒಂದು ಚೂರು

ಆಂಧ್ರದ ಬೊಮ್ಮನಹಾಳ್, ಕಣೇಕಲ್ಲು ಕಡೆಯ ಹೆಂಗಸರು ಮುಟ್ಟು ಹದಿನೈದು ದಿನವಾದರೂ ನಿಲ್ಲದಿದ್ದರೆ ರಾಯದುರ್ಗಕ್ಕೋ ಬಳ್ಳಾರಿಗೋ ಬಸ್ಸು ಹತ್ತುತ್ತಾರೆ. ಕೂಲಿ ಬಿಟ್ಟು ಹೋದವರಿಗೆ ಬೇಕಿರುವುದು ಒಂದೇ ಸಲಕ್ಕೆ ಮುಗಿಯುವ ಪರಿಹಾರ. ‘ಮಕ್ಕಳಾಗಿವೆ, ಆಪರೇಷನ್ನೂ ಆಗಿದೆ, ಇನ್ನು ಗರ್ಭಚೀಲ ಯಾಕೆ, ತೆಗೆಸಿಬಿಡು’ ಎನ್ನುವವರು ಮನೆಯಲ್ಲೇ ಇರುತ್ತಾರೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನೊಳಗೆ ಗರ್ಭಕೋಶ ತೆಗೆಸಿಕೊಂಡವರು ದೇಶದಲ್ಲಿ ಶೇ. 3.2, ಆಂಧ್ರದಲ್ಲಿ ಶೇ. 8.9. ಕಾಯಿಲೆ ರಾಜ್ಯದ ಗಡಿ ನೋಡಿಕೊಂಡು ಬರುವುದಿಲ್ಲ. ಇಷ್ಟು ಅಂತರದಲ್ಲಿ ರೂಢಿಯ ಪಾಲೂ ಇರಲೇಬೇಕು. ನಲವತ್ತೈದು ದಾಟಿದವರಲ್ಲಾದರೂ, ತೆಗೆಸುವ ಮಾತಿಗೆ ಮುಂಚೆ ಗರ್ಭಕೋಶದ ಒಳಪೊರೆಯ ಒಂದು ಚೂರು ಸೂಕ್ಷ್ಮದರ್ಶಕದ ಕೆಳಗೆ ಹೋಗಿ ಬರಬೇಕೆಂಬುದು ನನ್ನ ವಾದ.

ಆ ಚೂರನ್ನು ತೆಳ್ಳನೆಯ ಪ್ಲಾಸ್ಟಿಕ್ ಕೊಳವೆಯಲ್ಲಿ ಕೆಲವೇ ನಿಮಿಷಗಳಲ್ಲಿ ಎಳೆದು ತೆಗೆಯಬಹುದು. ಫಾರ್ಮಾಲಿನ್ ತುಂಬಿದ ಡಬ್ಬಿಯಲ್ಲಿ ಅದು ಪ್ರಯೋಗಾಲಯ ಸೇರುತ್ತದೆ. ಮೇಣದಲ್ಲಿ ಹುದುಗಿಸಿ, ಕೂದಲೆಳೆಗಿಂತ ತೆಳ್ಳಗೆ ಕೊಯ್ದು, ಬಣ್ಣ ಕಟ್ಟುತ್ತಾರೆ. ತಿಂಗಳ ಮೊದಲರ್ಧದಲ್ಲಿ ಗ್ರಂಥಿಗಳು ನೆಟ್ಟಗಿನ ಕೊಳವೆಗಳಂತೆ ಕಾಣುತ್ತವೆ. ಅಂಡ ಬಿಡುಗಡೆಯಾದ ಮೇಲೆ ಅವುಗಳ ಅಂಚು ಗರಗಸದ ಹಲ್ಲಿನಂತೆ ಡೊಂಕಾಗುತ್ತದೆ. ಮುಟ್ಟು ನಿಲ್ಲುವ ಕಾಲ ಹತ್ತಿರವಾದಂತೆ ಅಂಡ ಬಿಡುಗಡೆ ತಪ್ಪುತ್ತದೆ. ಆಗ ಪ್ರೊಜೆಸ್ಟರಾನ್ ಹುಟ್ಟದೆ, ಈಸ್ಟ್ರೋಜನ್ ಮಾತ್ರವೇ ಪೊರೆಯನ್ನು ಬೆಳೆಸುತ್ತಾ ಹೋಗಿ, ಅದು ಅಲ್ಲೊಂದಿಷ್ಟು ಇಲ್ಲೊಂದಿಷ್ಟು ಕಳಚಿ ಬೀಳುತ್ತದೆ. ಇದಕ್ಕೆ ಎಷ್ಟೋ ಸಲ ಮಾತ್ರೆಯೇ ಸಾಕು. ಚೂರಿನಲ್ಲಿ ಕ್ಷಯದ ಗಂಟು ಕಂಡರೆ ಔಷಧಿಯೇ ಬೇರೆ. ಗ್ರಂಥಿಗಳು ಒತ್ತೊತ್ತಾಗಿದ್ದರೆ ಹೈಪರ್‌ಪ್ಲೇಸಿಯಾ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಇದನ್ನು ಎರಡೇ ಬಗೆ ಮಾಡಿತು: ಜೀವಕೋಶಗಳ ರೂಪ ಕೆಟ್ಟಿಲ್ಲದ್ದು, ಕೆಟ್ಟದ್ದು. ಮೊದಲನೆಯದು 20 ವರ್ಷಗಳಲ್ಲಿ ಕ್ಯಾನ್ಸರಿಗೆ ತಿರುಗುವ ಸಂಭವ ಶೇ. 5ಕ್ಕಿಂತ ಕಡಿಮೆ, ಗರ್ಭಕೋಶದೊಳಗೆ ಇಡುವ, ಹಾರ್ಮೋನು ಸೂಸುವ ವಂಕಿಯಿಂದಲೇ ಬಹುಪಾಲು ಇಳಿಯುತ್ತದೆ. ಎರಡನೆಯದರ ಪಕ್ಕದಲ್ಲಿ ಕ್ಯಾನ್ಸರ್ ಆಗಲೇ ಅವಿತಿರಬಹುದು, ಅಲ್ಲಿ ಶಸ್ತ್ರಚಿಕಿತ್ಸೆಯೇ ಸರಿ. ವರದಿಯಲ್ಲಿ ಒಂದು ಪದದ ವ್ಯತ್ಯಾಸ, ಅಷ್ಟೇ.

ಸ್ಕ್ಯಾನಿಂಗ್ ಆಗಿದೆಯಲ್ಲ ಎನ್ನಬಹುದು. ಸ್ಕ್ಯಾನಿಂಗ್ ಪೊರೆಯ ದಪ್ಪ ಹೇಳೀತು, ಗಡ್ಡೆ ತೋರಿಸೀತು. ಗ್ರಂಥಿಯ ಗುಣ ಹೇಳಲಾರದು. ಕುರುಡಾಗಿ ಎಳೆದ ಚೂರಿನಲ್ಲಿ ಮೂಲೆಯ ಪಾಲಿಪ್ ತಪ್ಪಿಹೋಗಬಹುದೆಂಬ ಆಕ್ಷೇಪ ಮಾತ್ರ ನಿಜ. ರಕ್ತ ನಿಲ್ಲದಿದ್ದರೆ ಕ್ಯಾಮೆರಾ ಇಳಿಸಿ ನೋಡಬೇಕು. ಎಲ್ಲಕ್ಕಿಂತ ತೂಕದ ಆಕ್ಷೇಪ ಕೂಲಿಯದು: ವರದಿಗಾಗಿ ಇನ್ನೊಂದು ಸಲ ಬಸ್ ಚಾರ್ಜು, ಇನ್ನೊಂದು ದಿನದ ದುಡಿಮೆ ಹಾಳು. ಆದರೆ ಗರ್ಭಕೋಶ ತೆಗೆಸಿದವಳು ವಾರಗಟ್ಟಲೆ ಕೊಡ ಎತ್ತುವಂತಿಲ್ಲ. ಅಂಡಾಶಯ ಉಳಿಸಿದರೂ ಅದು ಬೇಗ ಸೋಲಬಹುದು. ಅದನ್ನೂ ತೆಗೆದರೆ ಮೂಳೆ ಸವೆತ ಮೊದಲೇ ಶುರು. ಕೂಲಿಯ ಲೆಕ್ಕವನ್ನೇ ಹಾಕಿದರೂ ಎರಡನೆಯ ಬಸ್ಸು ಅಗ್ಗ.

ಕಲಬುರಗಿಯ ತಾಂಡಾಗಳ ಲಂಬಾಣಿ ಹೆಂಗಸರಿಗೆ ಬೇಕಿಲ್ಲದ ಗರ್ಭಕೋಶ ಶಸ್ತ್ರಚಿಕಿತ್ಸೆಗಳಾದ ದೂರು 2015ರಲ್ಲಿ ಬಯಲಾಯಿತು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಇಂಥ ಶಸ್ತ್ರಚಿಕಿತ್ಸೆಗಳನ್ನು ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ರಾಜ್ಯಗಳಿಗೆ ಹೇಳಿತು. ಹಾಗೆಂದು ರಕ್ತಸ್ರಾವವನ್ನು ಹಗುರ ಮಾಡಬಾರದು: ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ಕಂಡರೂ ಪರೀಕ್ಷೆ ಆಗಲೇಬೇಕು, ಅಂಥವರಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿಗೆ ಪೊರೆಯ ಕ್ಯಾನ್ಸರ್ ಇರುತ್ತದೆ. ತೆಗೆದ ಗರ್ಭಕೋಶವೂ ಕೊನೆಗೆ ಅದೇ ಪ್ರಯೋಗಾಲಯಕ್ಕೆ ಹೋಗುತ್ತದೆ, ಅದಕ್ಕೂ ಅಂಥದೇ ವರದಿ ಬರುತ್ತದೆ.