ಪಾಕ ನಮ್ಮದು, ಟ್ಯಾಂಕು ಅವರದು

ಬೆಂಗಳೂರಿನ ಗೈಸ್ಟ್ ಕಂಪನಿಯ ಬಿಯರ್ ಮೊದಲು ತಯಾರಾದದ್ದು ಬೆಲ್ಜಿಯಂನಲ್ಲಿ. 2015ರಲ್ಲಿ ಪೇಟೆಗೆ ಬಂದ ಬೀರಾ 91 ಕೂಡ ಆರಂಭದಲ್ಲಿ ಅಲ್ಲಿಂದಲೇ ಬರುತ್ತಿತ್ತು. ಬೇರೆಯವರ ಕಡಾಯಿ, ಟ್ಯಾಂಕು, ಬಾಟ್ಲಿಂಗ್ ಲೈನಿನಲ್ಲಿ ತಮ್ಮ ಪಾಕ ಇಳಿಸುವ ಈ ಪದ್ಧತಿಗೆ ಕಾಂಟ್ರ್ಯಾಕ್ಟ್ ಬ್ರೂಯಿಂಗ್ ಎನ್ನುತ್ತಾರೆ. ಅಮೆರಿಕದಲ್ಲಿ 1984ರಲ್ಲಿ ಕಂಪನಿ ಕಟ್ಟಿದ ಜಿಮ್ ಕುಕ್ ಅವರೂ ಸ್ಯಾಮ್ಯುಯೆಲ್ ಆ್ಯಡಮ್ಸ್ ಬಿಯರನ್ನು ಪಿಟ್ಸ್‌ಬರ್ಗ್‌ನ ಬ್ರೂವರಿಯಲ್ಲಿ ಮಾಡಿಸಿದ್ದರು. ನಮ್ಮ ಮೈಕ್ರೋಬ್ರೂವರಿಗಳ ಪರವಾನಗಿ ಮೂಲತಃ ಅಲ್ಲೇ ಮಾಡಿ ಅಲ್ಲೇ ಬಡಿಸುವುದಕ್ಕೆ. ಬಾಟಲಿಗೆ ತುಂಬಿಸಿ ಅಂಗಡಿಗೆ ಕಳಿಸುವ ಆಸೆ ಇದ್ದರೆ ದೊಡ್ಡ ಬ್ರೂವರಿಯ ಬಾಗಿಲು ತಟ್ಟಲೇಬೇಕು.

ಇದು ಬರೀ ಬಾಡಿಗೆಯ ವ್ಯವಹಾರವೆಂದು ತಿಳಿದರೆ ಅದರ ಹಿಂದಿನ ಜಾಣ್ಮೆ ಕಾಣುವುದಿಲ್ಲ. ಗೋಧಿ ಬಿಯರನ್ನೇ ನೋಡಿ. ಅದರ ಬಾಳೆಹಣ್ಣಿನ ಘಮ ಯಾರೂ ಬೆರೆಸಿದ್ದಲ್ಲ. ಹುದುಗುವಾಗ ಯೀಸ್ಟ್ ತಯಾರಿಸುವ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರಿನದು. ಪಬ್ಬಿನ ಟ್ಯಾಂಕು ಗಿಡ್ಡ. ದೊಡ್ಡ ಬ್ರೂವರಿಯದು ಎರಡು ಮೂರು ಅಂತಸ್ತಿನ ಎತ್ತರಕ್ಕೆ ಹೋಗುತ್ತದೆ. 10 ಮೀಟರ್ ದ್ರವದ ತಳದಲ್ಲಿ ಒತ್ತಡ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಹೊರಹೋಗದೆ ಅಲ್ಲೇ ಹೆಚ್ಚು ಕರಗಿ ಉಳಿದು ಯೀಸ್ಟಿನ ಬೆಳವಣಿಗೆ ತಗ್ಗುತ್ತದೆ, ಜೊತೆಗೆ ಎಸ್ಟರೂ. ಮಾಲ್ಟ್ ಅದೇ, ಯೀಸ್ಟ್ ಅದೇ, ಅಳತೆ ಅದೇ. ಗ್ಲಾಸಿಗೆ ಮೂಗಿಟ್ಟರೆ ಬಾಳೆಹಣ್ಣು ಮಾತ್ರ ಮಂಕು. ಆಗ ಉಷ್ಣತೆಯನ್ನು ಒಂದೆರಡು ಡಿಗ್ರಿ ಏರಿಸಿಯೋ, ಟ್ಯಾಂಕನ್ನು ಅರ್ಧವೇ ತುಂಬಿಸಿಯೋ ನೋಡಬೇಕು. ಆದರೆ ಅರ್ಧ ತುಂಬಿಸಿದರೂ ಟ್ಯಾಂಕು ಹಿಡಿದಿಟ್ಟ ದಿನಗಳ ಬಾಡಿಗೆ ಲೆಕ್ಕ ಅಷ್ಟೇ ಇರುತ್ತದೆ.

ಹಾಪ್ಸ್ ಹೂವಿನದು ಬೇರೆಯೇ ತಕರಾರು. ಕುದಿ ನಿಂತ ಮೇಲೂ, ಮಾಲ್ಟಿನ ರಸ 80 ಡಿಗ್ರಿಗಿಂತ ಬಿಸಿಯಿರುವಷ್ಟು ಹೊತ್ತು, ಅದರ ಆಲ್ಫಾ ಆಮ್ಲಗಳು ಕಹಿಯಾಗಿ ಮಾರ್ಪಡುತ್ತಲೇ ಇರುತ್ತವೆ. ದೊಡ್ಡ ಕಡಾಯಿಯ ರಸವೆಲ್ಲ ಕೂಲರ್ ದಾಟಲು ಹೆಚ್ಚು ಸಮಯ ಬೇಕಾಗಬಹುದು. ಪರಿಮಳಕ್ಕೆಂದು ಕೊನೆಗೆ ಹಾಕಿದ ಹಾಪ್ಸ್ ಅಲ್ಲಿ ಕಹಿ ಬಿಟ್ಟು, ಪರಿಮಳವನ್ನು ಆವಿಗೆ ಕೊಟ್ಟುಬಿಡುತ್ತದೆ. ಹೀಗಾಗಿ ಪಾಕವನ್ನು ಹತ್ತು ಪಟ್ಟು ಮಾಡಿದರೆ ಹಾಪ್ಸನ್ನೂ ಹತ್ತು ಪಟ್ಟು ಮಾಡುವಂತಿಲ್ಲ. ನೀರಿನ ವಿಷಯ ಇದಕ್ಕಿಂತ ಸುಲಭ: ಕಾವೇರಿಯದಾಗಲಿ ಬೋರ್‌ವೆಲ್ಲಿನದಾಗಲಿ, ಆರ್‌ಓ ಮಾಡಿ ಬೇಕಾದ ಕ್ಯಾಲ್ಸಿಯಂ ಲವಣ ಸೇರಿಸಿದರೆ ಆಯಿತು.

ಟ್ಯಾಂಕು ಕೊಡುವವರ ಭಯವೂ ಸಕಾರಣವಾದದ್ದೇ. ಅತಿಥಿಯ ಜೊತೆ ಅವರ ಯೀಸ್ಟೂ ಒಳಗೆ ಬರುತ್ತದೆ. ಡಯಾಸ್ಟಾಟಿಕಸ್ ಎಂಬ ತಳಿ, ಸಾಮಾನ್ಯ ಯೀಸ್ಟ್ ಮುಟ್ಟದ ಡೆಕ್ಸ್‌ಟ್ರಿನ್‌ಗಳನ್ನೂ ಸಕ್ಕರೆಯಾಗಿ ಒಡೆದು ತಿನ್ನುತ್ತದೆ. ವಾಲ್ವಿನ ಸಂದಿಯಲ್ಲೋ ಗ್ಯಾಸ್ಕೆಟ್ಟಿನ ಮಡಿಕೆಯಲ್ಲೋ ಅದು ಉಳಿದು ಆತಿಥೇಯರ ಲಾಗರ್ ಬಾಟಲಿಗೆ ಸೇರಿತೆಂದರೆ, ಮುಚ್ಚಿದ ಬಾಟಲಿಯಲ್ಲೇ ಮತ್ತೆ ಹುದುಗು ಏಳುತ್ತದೆ. ಅನಿಲ ಮಿತಿಮೀರಿದರೆ ಬಾಟಲಿಯೇ ಸಿಡಿಯಬಹುದು. ಅದಕ್ಕೇ ಕಾಸ್ಟಿಕ್ ಸೋಡಾ, ಪೆರಾಸೆಟಿಕ್ ಆಮ್ಲದಿಂದ ಪೈಪುಗಳನ್ನು ತೊಳೆದಾದ ಮೇಲೆ ಕೊನೆಯ ನೀರಿನ ಮಾದರಿಯನ್ನೂ ಲ್ಯಾಬಿಗೆ ಕಳಿಸಿ, ಫಲಿತಾಂಶ ನೋಡಿಯೇ ಮುಂದಿನ ಬ್ಯಾಚಿಗೆ ಟ್ಯಾಂಕು ಬಿಟ್ಟುಕೊಡುವುದು ಒಳ್ಳೆಯದು.