ಒಂದೇ ಕರಾರು, ಮೂರು ತೀರ್ಪು

ಆಂಟ್ರಿಕ್ಸ್–ದೇವಾಸ್ ವ್ಯಾಜ್ಯದ ಮಾತು ಬಂದರೆ ಸಾಕು, ‘ಸುಪ್ರೀಂ ಕೋರ್ಟೇ ಮೋಸ ಅಂತ ಹೇಳಿದ ಮೇಲೆ ಇನ್ನೇನು, ಕೇಸು ಮುಗೀತಲ್ಲ’ ಅನ್ನುವವರು ಸಿಗುತ್ತಾರೆ. ಅವರು ಅಂದುಕೊಂಡಷ್ಟು ಸಲೀಸಾಗಿ ಇದು ಮುಗಿಯುವುದಿಲ್ಲ. ಏಕೆಂದರೆ ಇದು ಒಂದು ಕೇಸಲ್ಲ, ಮೂರು.

ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ 2005ರ ಜನವರಿಯಲ್ಲಿ ಎರಡು ಉಪಗ್ರಹಗಳ ಎಸ್-ಬ್ಯಾಂಡ್ ತರಂಗಾಂತರದ ಸಾಮರ್ಥ್ಯವನ್ನು ಬೆಂಗಳೂರಿನದೇ ಆದ ದೇವಾಸ್ ಕಂಪನಿಗೆ ಗುತ್ತಿಗೆ ಕೊಡಲು ಒಪ್ಪಿತು. 2011ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ದೇಶದ ಭದ್ರತೆಯ ಕಾರಣ ಕೊಟ್ಟು ಅದನ್ನು ರದ್ದು ಮಾಡಿಸಿತು. ದೇವಾಸ್ ಕರಾರಿನ ಪ್ರಕಾರ ಆಂಟ್ರಿಕ್ಸ್ ವಿರುದ್ಧ ಮಧ್ಯಸ್ಥಿಕೆಗೆ ಹೋಯಿತು. ದೇವಾಸ್‌ನ ಮಾರಿಷಸ್ ಹೂಡಿಕೆದಾರರು ಮತ್ತು ಜರ್ಮನಿಯ ಡಾಯ್ಚ ಟೆಲಿಕಾಂ, ತಮ್ಮ ತಮ್ಮ ದೇಶ ಭಾರತದೊಂದಿಗೆ ಮಾಡಿಕೊಂಡಿದ್ದ ಹೂಡಿಕೆ ಒಪ್ಪಂದಗಳನ್ನು ಹಿಡಿದು ನೇರ ಭಾರತದ ಮೇಲೇ ಹೋದವು.

‘ದೇಶದ ಭದ್ರತೆ ಅಂದರೆ ಯಾವ ಮಧ್ಯಸ್ಥಿಕೆ ಮಂಡಳಿಯೂ ಬಾಯಿ ಬಿಡುವುದಿಲ್ಲ’ ಎಂಬುದು ಇನ್ನೊಂದು ನಂಬಿಕೆ. ಮಾರಿಷಸ್ ಪ್ರಕರಣದ ಮಂಡಳಿ ಅಳೆದು ನೋಡಿತು. ತರಂಗಾಂತರದ ಶೇ 60 ಭಾಗಕ್ಕೆ ಭದ್ರತೆಯ ಕಾರಣ ಒಪ್ಪಿತು. ಉಳಿದ ಶೇ 40 ಪರಿಹಾರವಿಲ್ಲದೆ ಸ್ವತ್ತು ಕಸಿದುಕೊಂಡಂತೆ ಎಂದಿತು. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಅದು ಹೇಳಿದ ಇನ್ನೊಂದು ಮಾತು. ಬಾಹ್ಯಾಕಾಶ ಆಯೋಗ 2010ರ ಜುಲೈನಲ್ಲೇ ಕರಾರು ಕೈಬಿಡುವಂತೆ ಸಲಹೆ ಕೊಟ್ಟಿತ್ತು. ಹೂಡಿಕೆದಾರರಿಗೆ ಮಾತ್ರ ಮುಂದಿನ ಫೆಬ್ರುವರಿವರೆಗೆ ಯಾರೂ ತುಟಿ ಬಿಚ್ಚಲಿಲ್ಲ. ನಿರ್ಧಾರ ಬದಲಾಯಿಸುವುದು ಸರ್ಕಾರದ ಹಕ್ಕೇ ಇರಬಹುದು. ಆದರೆ ಆ ಏಳು ತಿಂಗಳ ಮೌನ ಹೂಡಿಕೆ ಒಪ್ಪಂದದ ‘ನ್ಯಾಯಯುತ ಹಾಗೂ ಸಮಾನ ನಡವಳಿಕೆ’ ಎಂಬ ಮಾನದಂಡಕ್ಕೆ ಧಕ್ಕೆ ತಂದಿತು. ಡಾಯ್ಚ ಟೆಲಿಕಾಂ ಪ್ರಕರಣದ ಮಂಡಳಿಯಂತೂ ಅದೇ ಘಟನೆಯಲ್ಲಿ ಭದ್ರತೆಯ ವಾದವನ್ನೇ ಒಪ್ಪಲಿಲ್ಲ. ಹಿಂದಿನ ಮಂಡಳಿ ಹೇಳಿದ್ದಕ್ಕೆ ಮುಂದಿನದು ಕಟ್ಟುಬೀಳಬೇಕಿಲ್ಲ.

ಹಾಗಾದರೆ ಈ ಮಂಡಳಿಗಳು ಸರ್ಕಾರದ ಆದೇಶ ರದ್ದು ಮಾಡಿ ತರಂಗಾಂತರ ವಾಪಸ್ ಕೊಡಿಸಿದವೇ? ಇಲ್ಲ. ಇಲ್ಲಿ ಸಿಗುವ ಪರಿಹಾರ ಸಾಮಾನ್ಯವಾಗಿ ದುಡ್ಡು. ಮಾರಿಷಸ್ ಹೂಡಿಕೆದಾರರಿಗೆ ಸುಮಾರು 11 ಕೋಟಿ ಡಾಲರ್, ಜರ್ಮನ್ ಕಂಪನಿಗೆ ಸುಮಾರು 9 ಕೋಟಿ, ಮೇಲೆ ಬಡ್ಡಿ. ಕರಾರಿನ ಕೇಸಿನಲ್ಲಿ ಆಂಟ್ರಿಕ್ಸ್ ಮೇಲೆ ಬಿದ್ದದ್ದು 56.25 ಕೋಟಿ ಡಾಲರ್.

ಈಗ ಸುಪ್ರೀಂ ಕೋರ್ಟಿನ ಮಾತು. 2022ರ ಜನವರಿಯಲ್ಲಿ ಅದು ಎತ್ತಿಹಿಡಿದದ್ದು, ವಂಚನೆಯ ಕಾರಣಕ್ಕೆ ದೇವಾಸ್ ಕಂಪನಿಯನ್ನು ಮುಚ್ಚಿಸುವ ಆದೇಶವನ್ನು. ಅದೇ ವರ್ಷದ ಆಗಸ್ಟಿನಲ್ಲಿ ದೆಹಲಿ ಹೈಕೋರ್ಟ್, ಕರಾರಿನ ಕೇಸಿನಲ್ಲಿ ಆಂಟ್ರಿಕ್ಸ್ ವಿರುದ್ಧ ಬಂದಿದ್ದ ಐಸಿಸಿ (ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ) ಮಧ್ಯಸ್ಥಿಕೆ ತೀರ್ಪನ್ನು ತಳ್ಳಿಹಾಕಿತು. ಆದರೆ ಹೂಡಿಕೆ ಒಪ್ಪಂದದ ಮೇಲಿನ ತೀರ್ಪುಗಳ ಕಾನೂನು ನೆಲೆ (ಸೀಟ್) ಹೇಗ್ ಮತ್ತು ಜಿನೀವಾದಲ್ಲಿತ್ತು. ಅವನ್ನು ರದ್ದುಪಡಿಸುವ ಅಧಿಕಾರ ಆಯಾ ದೇಶದ ಕೋರ್ಟಿನದು. ವಸೂಲಿಗಾಗಿ ಗೆದ್ದವರು ಬೇರೆ ಬೇರೆ ದೇಶಗಳಲ್ಲಿ ಭಾರತದ ವಾಣಿಜ್ಯ ಸ್ವತ್ತು ಹುಡುಕುತ್ತಾರೆ. ರಾಯಭಾರ ಕಚೇರಿಯ ಕಟ್ಟಡವನ್ನು ಮುಟ್ಟುವಂತಿಲ್ಲ.

ದೆಹಲಿಯಲ್ಲಿ ಬಿದ್ದುಹೋದ ಆ ಐಸಿಸಿ ತೀರ್ಪಿನ ಕಡತ ಕೂಡ ಅಲ್ಲಿಗೇ ಮುಚ್ಚಲಿಲ್ಲ: ವ್ಯಾಪ್ತಿಯಿಲ್ಲ ಎಂಬ ಒಂದು ಆಕ್ಷೇಪವನ್ನು 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬದಿಗೆ ಸರಿಸಿ, ಕೇಸನ್ನು ಮತ್ತೆ ಕೆಳಕೋರ್ಟಿಗೆ ಕಳಿಸಿತು.